ಕಣ್ಣಿಗೆ ಹಾನಿ ಬಿಪಿಯಿಂದಲೋ, ಬಿಪಿ ಮಾತ್ರೆಯಿಂದಲೋ?

ಪ್ರಶ್ನೆ: ನನಗೆ 61 ವರ್ಷ, ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕ. ಏಳು ವರ್ಷಗಳಿಂದ ಬಿಪಿ ಇದೆ. ಬೆಳಿಗ್ಗೆ ಆಮ್ಲೊಡಿಪಿನ್ 5 ಮಿ.ಗ್ರಾಂ. ಮಾತ್ರೆಯನ್ನೂ, ರಾತ್ರಿ ಊಟವಾದ ಮೇಲೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೊಕ್ಲೊರೊಥಯಜೈಡ್ ಸೇರಿದ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಎರಡು ವರ್ಷಗಳಿಂದ ಗ್ಲಾಕೋಮಾಕ್ಕೆ ಟಿಮೊಲಾಲ್ ಹನಿಯನ್ನು ಬೆಳಿಗ್ಗೆ ಮತ್ತು ರಾತ್ರಿ ಹಾಕಿಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ಕಣ್ಣಿನ ವೈದ್ಯರು ಚೀಟಿಯಲ್ಲಿ 'ಹೈಪರ್‌ಟೆನ್ಸಿವ್ ರೆಟಿನೋಪತಿ, ಗ್ರೇಡ್ 2' ಎಂದು ಬರೆದು, ಬಿಪಿಯಿಂದ ಕಣ್ಣಿನ ನರ ಸಣ್ಣದಾಗಿದೆ ಎಂದರು. ಪೊರೆಯೂ ಶುರುವಾಗಿದೆಯಂತೆ, ಮುಂದೆ ಆಪರೇಷನ್ ಬೇಕಾಗಬಹುದಂತೆ. ಪರಿಚಿತರೊಬ್ಬರು, ಬಿಪಿ ಮಾತ್ರೆಯಿಂದಲೇ ಕಣ್ಣಿನ ನರ ಒಣಗುತ್ತದೆ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ನನಗೆ ತಲೆ ಸುತ್ತುತ್ತಿತ್ತು. ಮನೆಯ ಯಂತ್ರದಲ್ಲಿ 104/60 ತೋರಿಸಿದ್ದೂ ಉಂಟು. ಹೀಗಾಗಿ ಹತ್ತು ದಿನಗಳಿಂದ ರಾತ್ರಿಯ ಮಾತ್ರೆ ನಿಲ್ಲಿಸಿದ್ದೇನೆ. ಮಾಡಿದ್ದು ಸರಿಯೆ?

ಉತ್ತರ: ಮೊದಲು ತುರ್ತಿನ ಮಾತು. ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದ್ದು ತಪ್ಪು. ಆದರೆ ನಿಲ್ಲಿಸಲು ಕಾರಣವಾದ ಆ ಬೆಳಗಿನ ತಲೆಸುತ್ತು ಕಡೆಗಣಿಸುವಂಥದ್ದಲ್ಲ, ಅದರಲ್ಲೂ ಗ್ಲಾಕೋಮಾ, ಅಂದರೆ ದೃಷ್ಟಿನರ ನಿಧಾನವಾಗಿ ಹಾಳಾಗುವ ಕಾಯಿಲೆ, ಇರುವವರಲ್ಲಿ. ಈ ವಾರದಲ್ಲೇ ತಮ್ಮ ಫಿಸಿಷಿಯನ್ನರನ್ನು ಕಂಡು, ಮಾತ್ರೆ ಬಿಡುವ ಮುಂಚಿನ ಮತ್ತು ಬಿಟ್ಟ ನಂತರದ ಬಿಪಿ ಲೆಕ್ಕವನ್ನು ತೋರಿಸಿ. ಪ್ರಮಾಣವನ್ನೋ ತೆಗೆದುಕೊಳ್ಳುವ ಹೊತ್ತನ್ನೋ ಬದಲಿಸಲು ಬೇಕಾದಷ್ಟು ಅವಕಾಶವಿದೆ. ಚಿಕಿತ್ಸೆಯನ್ನೇ ಬಿಡುವ ಅಗತ್ಯ ಬಹುಮಟ್ಟಿಗೆ ಇರಲಾರದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ತಮ್ಮ ಪರಿಚಿತರ ಮಾತಿನಲ್ಲಿ ನಿಜದ ಒಂದು ಎಳೆಯೂ ಇದೆ. ಅವರು ಎಳೆಯನ್ನು ಸರಿಯಾಗಿ ಹಿಡಿದು ತೀರ್ಮಾನವನ್ನು ತಪ್ಪಾಗಿ ಮಾಡಿದ್ದಾರೆ.

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಆಡುಮಾತು. ಕೈಯಲ್ಲಿ ನೀಲಿಯಾಗಿ ಎದ್ದು ಕಾಣುವ, ಗ್ಲೂಕೋಸ್ ಏರಿಸುವಾಗ ನರ್ಸಮ್ಮ ಹುಡುಕುವ ರಕ್ತನಾಳವನ್ನೂ ನಾವು 'ನರ' ಎನ್ನುತ್ತೇವೆ; ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ತಂತುವನ್ನೂ 'ನರ' ಎನ್ನುತ್ತೇವೆ. ವೈದ್ಯರಾದ ನಾವೂ ಹೊರರೋಗಿ ವಿಭಾಗದ ಗದ್ದಲದಲ್ಲಿ ಅದೇ ಪದವನ್ನು ಎರಡಕ್ಕೂ ಬಳಸಿ ಮುಂದಿನ ಚೀಟಿಯನ್ನು ಕೂಗಿಬಿಡುತ್ತೇವೆ. ತಮ್ಮ ವೈದ್ಯರು ಸಣ್ಣದಾಗಿದೆ ಎಂದದ್ದು ರಕ್ತನಾಳವನ್ನು. ಪರಿಚಿತರು ಒಣಗುತ್ತದೆ ಎಂದದ್ದು, ಅವರಿಗೆ ತಿಳಿದಿತ್ತೋ ಇಲ್ಲವೋ, ದೃಷ್ಟಿನರವನ್ನು. 'ಪ್ರೆಷರ್' ಎಂಬ ಪದದ ಕಥೆಯೂ ಇದೇ. ಗ್ಲಾಕೋಮಾದಲ್ಲಿ ಅಳೆಯುವುದು ಕಣ್ಣುಗುಡ್ಡೆಯೊಳಗೆ ಸದಾ ಸ್ರವಿಸಿ ಹರಿದುಹೋಗುವ ತಿಳಿದ್ರವದ ಒತ್ತಡವನ್ನು. ಅದು ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡವೇ ಬೇರೆ. ಬಿಪಿ ಮಾತ್ರೆಯಿಂದ ಗ್ಲಾಕೋಮಾ ಹತೋಟಿಗೆ ಬರುವುದಿಲ್ಲ. ಆದರೂ ಈ ಎರಡು ಒತ್ತಡಗಳು ಒಂದನ್ನೊಂದು ತಾಕುವ ಒಂದು ಜಾಗವಿದೆ. ತಮ್ಮ ತೊಂದರೆ ಇರುವುದು ಅಲ್ಲಿಯೇ ಎಂದು ನನ್ನ ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ಗ್ರೇಡ್ 2 ಎಂದರೇನು ಎಂಬುದನ್ನು ಮೊದಲು ನೋಡೋಣ. ಎಲ್ಲಿಯೂ ಕೊಯ್ಯದೆ ದೇಹದೊಳಗಿನ ರಕ್ತನಾಳಗಳನ್ನು ನೇರವಾಗಿ ಕಣ್ಣಾರೆ ನೋಡಬಹುದಾದ ಜಾಗವೆಂದರೆ ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ತೆಳು ಪರದೆ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವಾದ ಆಫ್ತಾಲ್ಮೊಸ್ಕೋಪನ್ನು ಲೋಕಕ್ಕೆ ತಿಳಿಸಿದ ಮೇಲೆ ಇದು ಸಾಧ್ಯವಾಯಿತು. 1939ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಕೀತ್, ವ್ಯಾಗೆನರ್ ಮತ್ತು ಬಾರ್ಕರ್ ಎಂಬ ವೈದ್ಯರು, ರೆಟಿನಾದಲ್ಲಿ ಕಂಡ ಬದಲಾವಣೆಗಳನ್ನು ಆಧರಿಸಿ ಬಿಪಿ ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ಆ ಕಾಲದಲ್ಲಿ ಬಿಪಿ ಇಳಿಸುವ ಒಳ್ಳೆಯ ಔಷಧಗಳೇ ಇರಲಿಲ್ಲ. ದೃಷ್ಟಿನರದ ಬುಡ ಊದಿಕೊಂಡ ನಾಲ್ಕನೆಯ ಗುಂಪಿನವರಲ್ಲಿ ಹೆಚ್ಚಿನವರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರು. ತಮ್ಮ ಚೀಟಿಯಲ್ಲಿರುವ ಗ್ರೇಡ್ ಆ ಹಳೆಯ ವಿಂಗಡಣೆಯದೇ. ಅಂದು ಅದು ಆಯುಷ್ಯದ ಲೆಕ್ಕವಾಗಿತ್ತು. ಇಂದು, ಔಷಧವಿರುವ ಕಾಲದಲ್ಲಿ, ಗ್ರೇಡ್ 2 ಎಂಬುದು ರಕ್ತನಾಳಗಳು ಇಷ್ಟು ವರ್ಷ ಏನನ್ನು ತಾಳಿಕೊಂಡಿವೆ ಎಂಬುದರ ದಾಖಲೆ ಮಾತ್ರ.

ಕತ್ತಲ ಕೋಣೆಯಲ್ಲಿ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಬೆಳಕು ಬಿಟ್ಟು ನೋಡಿದಾಗ ಆರೋಗ್ಯವಂತರ ರೆಟಿನಾದಲ್ಲಿ ರಕ್ತ ತರುವ ತೆಳುಗೆಂಪಿನ ಅಪಧಮನಿಯೂ, ರಕ್ತವನ್ನು ಮರಳಿ ಒಯ್ಯುವ, ಅದಕ್ಕಿಂತ ಸ್ವಲ್ಪ ದಪ್ಪವಾದ, ಗಾಢ ಬಣ್ಣದ ಅಭಿಧಮನಿಯೂ ಜೊತೆಜೊತೆಯಾಗಿ ಹರಿಯುತ್ತಿರುತ್ತವೆ. ವರ್ಷಗಟ್ಟಲೆ ಬಿಪಿ ಹೆಚ್ಚಿದ್ದವರಲ್ಲಿ ಅಪಧಮನಿ ಕಿರಿದಾಗಿ, ಗೋಡೆ ದಪ್ಪವಾಗಿ, ಅದರ ಮೇಲೆ ಬಿದ್ದ ಬೆಳಕು ತಾಮ್ರದ ತಂತಿಯ ಹಾಗೆ ಮಿರುಗುತ್ತದೆ. ಅದು ಅಭಿಧಮನಿಯನ್ನು ದಾಟುವ ಕಡೆಗಳಲ್ಲಿ ನೋಡಬೇಕು: ಅಲ್ಲಿ ಎರಡಕ್ಕೂ ಸೇರಿ ಒಂದೇ ಹೊದಿಕೆ ಇರುವುದರಿಂದ, ಗಡುಸಾದ ಅಪಧಮನಿ ಮೆತ್ತಗಿನ ಅಭಿಧಮನಿಯನ್ನು ಅದುಮಿ, ಅಭಿಧಮನಿ ಅಷ್ಟುದ್ದಕ್ಕೆ ಮಾಯವಾದಂತೆ ಕಾಣುತ್ತದೆ. ಇದೇ ಗ್ರೇಡ್ 2. ಇದರಿಂದ ದೃಷ್ಟಿ ಕಡಿಮೆಯಾಗುವುದಿಲ್ಲ, ಕನ್ನಡಕದ ನಂಬರೂ ಬದಲಾಗುವುದಿಲ್ಲ, ಇದಕ್ಕೆಂದು ಕಣ್ಣಿಗೆ ಹಾಕುವ ಔಷಧವೂ ಇಲ್ಲ. ತಮಗೆ ಓದಲು ಮಸುಕಾಗುತ್ತಿದ್ದರೆ ಅದಕ್ಕೆ ಪೊರೆಯೇ ಕಾರಣವಿರಬೇಕು. ಗಡುಸಾದ ನಾಳ ಪೂರ್ತಿ ಮೊದಲಿನಂತಾಗದು; ಮುಂದೆ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ಬಿಪಿ ಮಾತ್ರೆಯ ಕೆಲಸ.

ಹಾಗಾದರೆ ಭಯಪಡುವುದೇನು? ಆ ದಾಟುವ ಜಾಗವನ್ನೇ. ಅದುಮಿದ ಕಡೆ ಅಭಿಧಮನಿಯಲ್ಲಿ ರಕ್ತದ ಹರಿವು ಕದಡಿ, ಒಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡ ನಿಂತರೆ, ಅದರ ಹಿಂದಿನ ಇಡೀ ಪ್ರದೇಶದಲ್ಲಿ ರಕ್ತ ಜಿನುಗಿ ರೆಟಿನಾ ಊದಿಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ಐವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಬಿಪಿ ನಾರ್ಮಲ್ ಬಂದಿದೆಯೆಂದು ಎಂಟು ತಿಂಗಳ ಹಿಂದೆ ಮಾತ್ರೆ ಬಿಟ್ಟವರು. ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದಲೇ ನಾರ್ಮಲ್ ಬಂದಿತ್ತೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವಾಗ ಪುಡಿ ಹಾರಿ ಎಡಗಣ್ಣಿಗೆ ಬಿತ್ತಂತೆ. ಅದನ್ನು ಮುಚ್ಚಿಕೊಂಡು ಬಲಗಣ್ಣೊಂದರಲ್ಲೇ ನೋಡಿದರೆ, ತಾವೇ ನೇರವಾಗಿ ಎಳೆದ ಎಳೆ ನಡುವೆ ಡೊಂಕಾಗಿತ್ತು, ಕೆಳಗಿನ ಸಾಲಿನ ಚುಕ್ಕಿಗಳು ಮಬ್ಬಾಗಿದ್ದವು. ಬಲಗಣ್ಣಿನ ರೆಟಿನಾದ ಮೇಲ್ಭಾಗದಲ್ಲಿ ಅಭಿಧಮನಿಯ ಒಂದು ಕವಲು ಕಟ್ಟಿಕೊಂಡಿತ್ತು. ರೆಟಿನಾದ ಮೇಲ್ಭಾಗ ಹಾಳಾದರೆ ಕಾಣದಂತಾಗುವುದು ಎದುರಿನ ನೋಟದ ಕೆಳಭಾಗ. ಅದು ಎಷ್ಟು ದಿನಗಳಿಂದ ಹಾಗಿತ್ತೋ, ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಊತ ಇಳಿಸಲು ಬೆವಸಿಜುಮಾಬ್, ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಎಂಬ ಔಷಧಗಳನ್ನು ಕಣ್ಣಿನೊಳಕ್ಕೇ ಚುಚ್ಚಿ ಕೊಡುತ್ತೇವೆ, ಅದೂ ಒಂದೆರಡಲ್ಲ, ತಿಂಗಳಿಗೊಂದರಂತೆ ಹಲವು ಸಲ. ಅವರ ದೃಷ್ಟಿ ಬಹುಪಾಲು ಮರಳಿತು. ಎಲ್ಲರಿಗೂ ಮರಳುವುದಿಲ್ಲ.

ಗ್ರೇಡ್ 3 ಮತ್ತು 4ರ ವಿಷಯ ತಮಗೆ ಈಗ ಸಂಬಂಧಿಸಿದ್ದಲ್ಲ, ಆದ್ದರಿಂದ ಒಂದೆರಡು ಮಾತು ಸಾಕು. ಬಿಪಿ ಥಟ್ಟನೆ 180/120ನ್ನು ಮೀರಿ ಏರಿದವರಲ್ಲಿ ರೆಟಿನಾದಲ್ಲಿ ರಕ್ತದ ಕಲೆಗಳು, ಹತ್ತಿಯ ಎಸಳಿನಂಥ ಬಿಳಿ ಮಚ್ಚೆಗಳು, ಕೊನೆಗೆ ದೃಷ್ಟಿನರದ ಊತ ಕಾಣಿಸಿಕೊಂಡರೆ ಅವರನ್ನು ಆಸ್ಪತ್ರೆಗೆ ಸೇರಿಸಲೇಬೇಕು. ಗರ್ಭಿಣಿಯರಲ್ಲಿ ಬಿಪಿ ಏರಿ ಕಣ್ಣು ಮಂಜಾದರೂ ಹಾಗೆಯೇ. ಅವರಲ್ಲಿ ರೆಟಿನಾದ ಕೆಳಗೆ ನೀರು ನಿಂತು ಅದು ಬೇರ್ಪಡುವುದುಂಟು, ಹೆರಿಗೆಯಾಗಿ ಬಿಪಿ ಇಳಿದ ಮೇಲೆ ಸಾಮಾನ್ಯವಾಗಿ ತಾನೇ ಅಂಟಿಕೊಳ್ಳುತ್ತದೆ. ಇನ್ನು ಬೆಳಿಗ್ಗೆ ಕನ್ನಡಿ ನೋಡಿದಾಗ ಬಿಳಿಗುಡ್ಡೆಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಕಂಡು ಗಾಬರಿಯಾಗಿ ಓಡಿಬರುವವರು ಬಹಳ. ಅದು ಹೊರಪದರದ ರಕ್ತಸ್ರಾವ, ಎರಡು ವಾರದೊಳಗೆ ತಾನೇ ಕರಗುತ್ತದೆ. ಅಂದು ಬಿಪಿ ನೋಡಿಸಿಕೊಂಡರೆ ಆಯಿತು.

ಈಗ ಚಿಕಿತ್ಸೆಯ ಕಡೆ. ಬಿಪಿ ಇಳಿಸುವುದು ಕಣ್ಣನ್ನು ಕಾಯುತ್ತದೆ ಎಂಬುದು ಊಹೆಯಲ್ಲ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇದ್ದ 1148 ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಬಿಪಿಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ರೆಟಿನಾದ ರೋಗ ಮುಂದುವರಿಯುವುದು 34 ಶೇಕಡ ಕಡಿಮೆಯಾಯಿತು. ಅಕ್ಷರ ಫಲಕದಲ್ಲಿ ಮೂರು ಸಾಲಿನಷ್ಟು ದೃಷ್ಟಿ ಕಳೆದುಕೊಳ್ಳುವುದು 47 ಶೇಕಡ ಕಡಿಮೆಯಾಯಿತು. ಬಿಗಿ ಎಂದರೂ ಅವರ ಸರಾಸರಿ 144/82 ಆಗಿತ್ತು, ಉಳಿದವರದು 154/87. ಅಷ್ಟು ಇಳಿಕೆಗೇ ಅಷ್ಟು ಲಾಭ. ಹಾಗೆಂದು ಇಳಿಸಿದಷ್ಟೂ ಒಳ್ಳೆಯದೆ? 2010ರಲ್ಲಿ ಪ್ರಕಟವಾದ ಅಕಾರ್ಡ್ ಅಧ್ಯಯನದಲ್ಲಿ ಮೇಲಿನ ಸಂಖ್ಯೆಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಳಿಸಲು ಯತ್ನಿಸಿ ನೋಡಿದರೆ, ರೆಟಿನಾಕ್ಕೆ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಹೃದಯ, ಮಿದುಳು, ಮೂತ್ರಪಿಂಡಗಳ ಲೆಕ್ಕ ಬೇರೆ ಇರಬಹುದು, ಅದನ್ನು ಫಿಸಿಷಿಯನ್ ನಿರ್ಧರಿಸುತ್ತಾರೆ. ಕಣ್ಣಿನ ಮಟ್ಟಿಗೆ ಹೇಳುವುದಾದರೆ, ಅದಕ್ಕೆ ಬೇಕಾದುದು ಅತಿ ಕಡಿಮೆ ಬಿಪಿಯಲ್ಲ, ಏರದೆ ಕುಸಿಯದೆ ಒಂದೇ ಸಮ ಹರಿಯುವ ರಕ್ತ.

ತಮ್ಮ ಪರಿಚಿತರ ಮಾತಿನಲ್ಲಿ ನಿಜವಿದೆ ಎಂದೆನಲ್ಲ, ಅದು ಇಲ್ಲಿದೆ. ಮಾತ್ರೆ ನರವನ್ನು ಒಣಗಿಸುವುದಿಲ್ಲ. ಆದರೆ ಬಿಪಿ ಅಗತ್ಯಕ್ಕಿಂತ ಕೆಳಗೆ, ಅಥವಾ ಅಗತ್ಯಕ್ಕಿಂತ ಬೇಗ ಕುಸಿದರೆ ದೃಷ್ಟಿನರಕ್ಕೆ ರಕ್ತ ಸಾಲದೆ ಹೋಗಬಹುದು. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಗ್ಗಿದ ನಾಳಗಳು ಒಮ್ಮೆಲೇ ಇಳಿದಾಗ ಹೊಂದಿಕೊಳ್ಳಲಾರವು. ಹಿಂದೆ ಬಿಪಿ ತೀರ ಏರಿದವರಿಗೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಗೆಯ ಕೆಳಗೆ ಹಿಂಡುವ ರೂಢಿಯಿತ್ತು. ಬಿಪಿ ಕಲ್ಲು ಬಿದ್ದಂತೆ ಬೀಳುತ್ತಿತ್ತು, ಕೆಲವರಿಗೆ ಪಾರ್ಶ್ವವಾಯುವೋ ಹೃದಯಾಘಾತವೋ ಆಗುತ್ತಿತ್ತು. ಆ ಪದ್ಧತಿಯನ್ನು ಈಗ ಕೈಬಿಡಲಾಗಿದೆ. ತುರ್ತಿನಲ್ಲಿಯೂ ಮೊದಲ ಗಂಟೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಸಬಾರದು, 160/100ರ ಮಟ್ಟಕ್ಕೆ ಬರಲು ಎರಡರಿಂದ ಆರು ಗಂಟೆ ತೆಗೆದುಕೊಳ್ಳಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ.

ಇದಕ್ಕಿಂತ ಮೌನವಾಗಿ ನಡೆಯುವುದು ರಾತ್ರಿಯ ಕುಸಿತ. ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ 10ರಿಂದ 20 ಶೇಕಡ ಇಳಿಯುತ್ತದೆ. ಅದೇ ಹೊತ್ತಿಗೆ, ಮಲಗಿದ ಭಂಗಿಯಿಂದಾಗಿ, ಕಣ್ಣಿನೊಳಗಿನ ಒತ್ತಡ ಸ್ವಲ್ಪ ಏರುತ್ತದೆ. ದೃಷ್ಟಿನರಕ್ಕೆ ರಕ್ತವನ್ನು ನೂಕುವ ಬಲವೆಂದರೆ ಈ ಎರಡರ ನಡುವಿನ ಅಂತರ: ಒಂದು ಇಳಿದು ಇನ್ನೊಂದು ಏರಿದರೆ ಅಂತರ ಎರಡೂ ಕಡೆಯಿಂದ ಕಿರಿದಾಗುತ್ತದೆ. ಎರಡು ಒತ್ತಡಗಳು ತಾಕುವ ಜಾಗ ಎಂದದ್ದು ಇದನ್ನೇ. ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ, ಪಂಜಾಬ್ ಮೂಲದ ನೇತ್ರತಜ್ಞ ಸೋಹನ್ ಸಿಂಗ್ ಹೇರೆ ಅವರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳ ಬಿಪಿಯನ್ನು ಇಡೀ ದಿನ ಅಳೆದು, ರಾತ್ರಿಯ ಈ ಕುಸಿತಕ್ಕೂ ದೃಷ್ಟಿನರದ ಹಾನಿಗೂ ಇರುವ ನಂಟನ್ನು ಎತ್ತಿ ತೋರಿಸಿದರು. ದೃಷ್ಟಿನರದ ಬುಡಕ್ಕೆ ರಕ್ತದ ಹರಿವು ನಿಂತು ದೃಷ್ಟಿ ಹೋಗುವ ಕಾಯಿಲೆಯವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ರಾತ್ರಿ ಮಲಗುವಾಗ ಚೆನ್ನಾಗಿತ್ತು, ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ಕೆಳಗಿನ ಅರ್ಧಕ್ಕೆ ಪರದೆ ಎಳೆದ ಹಾಗಿತ್ತು. ರಾತ್ರಿಯ ಕುಸಿತವೊಂದೇ ಇದಕ್ಕೆ ಕಾರಣವೆಂದು ಎಲ್ಲರೂ ಒಪ್ಪುವುದಿಲ್ಲ. ಆದರೂ ಗ್ಲಾಕೋಮಾ ಇರುವವರು ಮಲಗುವ ಮುಂಚೆ ಬಿಪಿ ಮಾತ್ರೆ ನುಂಗುವುದು ನನಗೆ ಒಪ್ಪಿಗೆಯಾಗದು. ಬಿಪಿ ಮಾತ್ರೆಯನ್ನು ರಾತ್ರಿ ತೆಗೆದುಕೊಂಡರೆ ಹೃದಯಕ್ಕೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ಕೆಲಕಾಲ ಬಲವಾಗಿತ್ತು. ಆದರೆ 2022ರಲ್ಲಿ ಪ್ರಕಟವಾದ, ಬ್ರಿಟನ್ನಿನ 21,104 ಜನರ 'ಟೈಮ್' ಅಧ್ಯಯನದಲ್ಲಿ ಬೆಳಿಗ್ಗೆ ತೆಗೆದುಕೊಂಡರೂ ರಾತ್ರಿ ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯುಗಳ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಹೃದಯಕ್ಕೆ ನಷ್ಟವಿಲ್ಲದಿರುವಾಗ ಕಣ್ಣಿಗಾಗಿ ಹೊತ್ತು ಬದಲಿಸಲು ಅಡ್ಡಿ ಏನಿದೆ? ಅಲ್ಲದೆ ಹೈಡ್ರೊಕ್ಲೊರೊಥಯಜೈಡ್ ಮೂತ್ರ ಹೆಚ್ಚಿಸುವ ಔಷಧ; ಅದನ್ನು ರಾತ್ರಿ ನುಂಗಿ ಎರಡು ಸಲ ಎದ್ದು ಕತ್ತಲಲ್ಲಿ ಬಚ್ಚಲಿಗೆ ಹೋಗುವ ಹಿರಿಯರು ಎಡವಿ ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಮಾತ್ರೆಯಲ್ಲ, ಟಿಮೊಲಾಲ್ ಹನಿ. ಇದು ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳ ಬಂಧು, ಬೀಟಾ ಬ್ಲಾಕರ್ ಜಾತಿಯದು. ಕಣ್ಣಿಗೆ ಬಿಟ್ಟ ಹನಿ ಕಣ್ಣಿನಲ್ಲೇ ಉಳಿಯುವುದಿಲ್ಲ. ಮೂಗಿನ ಕಡೆಯ ಮೂಲೆಯ ಸಣ್ಣ ಕೊಳವೆಯಿಂದ ಮೂಗಿಗಿಳಿದು, ಅಲ್ಲಿನ ಒದ್ದೆ ಪದರದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯ ಒಂದಷ್ಟನ್ನು ಯಕೃತ್ತು ಮೊದಲೇ ಕರಗಿಸಿಬಿಡುತ್ತದೆ. ಹನಿಗೆ ಆ ತಡೆಯೂ ಇಲ್ಲ. ಇದರಿಂದ ನಾಡಿ ನಿಧಾನವಾಗಬಹುದು, ಬಿಪಿ ಇಳಿಯಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ರಾತ್ರಿಯ ಬಿಪಿ ಮಾತ್ರೆ, ರಾತ್ರಿಯ ಟಿಮೊಲಾಲ್ ಹನಿ, ನಿದ್ದೆಯ ಸಹಜ ಇಳಿತ ಮೂರೂ ಕೂಡಿದರೆ ಬೆಳಿಗ್ಗೆ 104/60 ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ನಿದ್ದೆಯಲ್ಲಿ ಕಣ್ಣಿನೊಳಗಿನ ದ್ರವದ ಸ್ರಾವ ತಾನಾಗಿಯೇ ತಗ್ಗಿರುವುದರಿಂದ, ಸ್ರಾವವನ್ನು ತಗ್ಗಿಸುವ ಈ ಔಷಧಕ್ಕೆ ಆಗ ಕಣ್ಣಿನಲ್ಲಿ ಮಾಡಲು ಹೆಚ್ಚು ಕೆಲಸವೂ ಇರುವುದಿಲ್ಲ. ಬೆಳಗಿನ ಹನಿಯೊಂದೇ ಸಾಕಾದೀತೆ, ಅಥವಾ ಬಿಪಿಯನ್ನು ಇಳಿಸದ ಲ್ಯಾಟನೊಪ್ರಾಸ್ಟ್‌ನಂಥ ಹನಿಗೆ ಬದಲಿಸಬಹುದೆ ಎಂದು ತಮ್ಮ ಕಣ್ಣಿನ ವೈದ್ಯರನ್ನು ಕೇಳಿ. ಹನಿಯನ್ನೂ ತಾವಾಗಿ ನಿಲ್ಲಿಸಬೇಡಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಅಲ್ಲಿಯವರೆಗೆ ಒಂದು ಸರಳ ಅಭ್ಯಾಸ: ಒಂದೇ ಹನಿ ಬಿಟ್ಟು, ರೆಪ್ಪೆ ಮುಚ್ಚಿ, ಕಣ್ಣಿನ ಒಳಮೂಲೆಯನ್ನು ತೋರುಬೆರಳಿನಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವ ಔಷಧ ಬಹಳಷ್ಟು ಕಡಿಮೆಯಾಗುತ್ತದೆ. ಎರಡು ವರ್ಷದಲ್ಲಿ ಇದನ್ನು ತಮಗೆ ಯಾರಾದರೂ ತೋರಿಸಿಕೊಟ್ಟಿದ್ದಾರೆಯೆ? ತೋರಿಸಿಲ್ಲವಾದರೆ ಅದು ನಮ್ಮ ವೃತ್ತಿಯವರ ತಪ್ಪು.

ಉಳಿದ ಮಾತ್ರೆಗಳಿಂದ ನೇರವಾಗಿ ಕಣ್ಣಿಗೆ ತೊಂದರೆಯಾಗುವುದು ಅಪರೂಪ. ಹೈಡ್ರೊಕ್ಲೊರೊಥಯಜೈಡ್ ಮತ್ತು ಅದರ ಬಂಧುಗಳು ಕೆಲವೇ ಜನರಲ್ಲಿ, ಶುರು ಮಾಡಿದ ಕೆಲವು ಗಂಟೆಗಳಿಂದ ಕೆಲವು ವಾರಗಳೊಳಗೆ, ದೂರದ ನೋಟವನ್ನು ದಿಢೀರನೆ ಮಸುಕಾಗಿಸಿ, ಕಣ್ಣುನೋವಿನೊಂದಿಗೆ ಒಳ ಒತ್ತಡವನ್ನು ಏರಿಸಬಹುದು. ಕೂಡಲೇ ಔಷಧ ನಿಲ್ಲಿಸಬೇಕಾದ ಪ್ರಸಂಗ ಅದು. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಆ ಚಿಂತೆ ಇಟ್ಟುಕೊಳ್ಳಬೇಕಾಗಿಲ್ಲ. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಬಿಪಿ ಮಾತ್ರೆಗಳಿಂದ ರೆಪ್ಪೆ, ತುಟಿ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಮ್ಲೊಡಿಪಿನ್ ಜಾತಿಯ ಔಷಧ ಬಳಸುವವರಲ್ಲಿ ಗ್ಲಾಕೋಮಾ ಸ್ವಲ್ಪ ಹೆಚ್ಚು ಕಂಡಿತೆಂದು 2023ರಲ್ಲಿ ಬ್ರಿಟನ್ನಿನ ದೊಡ್ಡ ದತ್ತಾಂಶವೊಂದರ ವಿಶ್ಲೇಷಣೆ ಹೇಳಿದೆ. ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಅಷ್ಟಕ್ಕೇ ಆ ಮಾತ್ರೆಯನ್ನು ಬದಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಪೊರೆಯ ಆಪರೇಷನ್ ಗೊತ್ತಾದಾಗ ನೆನಪಿಡಬೇಕಾದ ಸಂಗತಿಗಳೂ ಇವೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್, ಅಥವಾ ಬಿಪಿಗೆ ಪ್ರಾಜೋಸಿನ್ ಯಾವಾಗಲಾದರೂ ತೆಗೆದುಕೊಂಡಿದ್ದರೆ, ಬಿಟ್ಟು ವರ್ಷಗಳಾಗಿದ್ದರೂ, ಆಪರೇಷನ್ ಮಾಡುವವರಿಗೆ ಮೊದಲೇ ತಿಳಿಸಿ. ಇವುಗಳಿಂದ ಪಾಪೆಯ ಸುತ್ತಲಿನ ಐರಿಸ್ ಸಡಿಲವಾಗಿ, ಆಪರೇಷನ್ ನಡುವೆ ಒದ್ದೆ ಬಟ್ಟೆಯಂತೆ ಅಲೆಯುತ್ತದೆ. ಗೊತ್ತಿದ್ದರೆ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳಬಹುದು. ಪಾಪೆ ಅಗಲಿಸುವ ಹನಿಯ ವಿಷಯದಲ್ಲಿಯೂ ಬಿಪಿ ಇದೆಯೆಂದು ಹೇಳಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಬಾಟಲಿಯಲ್ಲಿ ಟ್ರೋಪಿಕಮೈಡ್ ಜೊತೆಗೆ 5 ಶೇಕಡ ಫಿನೈಲೆಫ್ರಿನ್ ಇರುತ್ತದೆ. ಫಿನೈಲೆಫ್ರಿನ್‌ನ 10 ಶೇಕಡದ ಹನಿ ಬಿಪಿಯನ್ನು ಏರಿಸಬಲ್ಲದಾದ್ದರಿಂದ ಬಿಪಿ, ಹೃದ್ರೋಗ ಇರುವವರಿಗೆ ಅದು ಬೇಡ, ಬರಿಯ ಟ್ರೋಪಿಕಮೈಡ್ ಹಾಕಿಯೂ ನೋಡಬಹುದು. ಇನ್ನು ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆಂದು ಬಿಪಿ ಮಾತ್ರೆಯನ್ನೂ ಬಿಟ್ಟು, ಹೆದರಿಕೆಯೂ ಸೇರಿ 190/110 ಬಂದು, ಬಸ್ಸು ಹಿಡಿದು ಬಂದ ದಾರಿಯಲ್ಲೇ ವಾಪಸಾಗುವವರನ್ನು ಪ್ರತಿ ಶಿಬಿರದಲ್ಲೂ ಕಾಣುತ್ತೇವೆ. ಬೇರೆ ಸೂಚನೆ ಇಲ್ಲದಿದ್ದರೆ, ಒಂದು ಗುಟುಕು ನೀರಿನಲ್ಲಿ ಬೆಳಗಿನ ಮಾತ್ರೆ ನುಂಗಿಯೇ ಹೊರಡಬೇಕು.

ಈಗ ಮಾಡಬೇಕಾದದ್ದು. ಒಂದು ವಾರ ಬೆಳಿಗ್ಗೆ ಎದ್ದು, ಮಾತ್ರೆ ಮತ್ತು ಕಾಫಿಗೆ ಮುಂಚೆ, ಐದು ನಿಮಿಷ ಸುಮ್ಮನೆ ಕುಳಿತು ಬಿಪಿ ಅಳೆದು ಬರೆದಿಡಿ, ಸಂಜೆಯೂ ಹಾಗೆಯೇ. ವಾರ ತುಂಬಲಿ ಎಂದು ಕಾಯಬೇಡಿ, ಮೂರು ದಿನದ ಲೆಕ್ಕವಾದರೂ ಸಾಕು, ಫಿಸಿಷಿಯನ್ನರನ್ನು ಕಾಣಿ. 160/100 ದಾಟಿದ್ದರೆ ಅಂದೇ ಹೋಗಿ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ತರಬಹುದೆ ಎಂದು ಕೇಳಿ. ದೃಷ್ಟಿವ್ಯಾಪ್ತಿಯ ಪರೀಕ್ಷೆ ಮಾಡಿಸಿ ಆರು ತಿಂಗಳು ಮೀರಿದ್ದರೆ ಕಣ್ಣಿನ ವೈದ್ಯರಲ್ಲಿ ಅದನ್ನು ಮತ್ತೆ ಮಾಡಿಸಿ, ಹಳೆಯದರೊಂದಿಗೆ ಹೋಲಿಸಲಿ. ಬೆಳಿಗ್ಗೆ ಎದ್ದಾಗ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಕಿಟಕಿಯ ಸರಳುಗಳನ್ನು ನೋಡಿ. ಡೊಂಕಾಗಿಯೋ ಅರ್ಧ ಮುಚ್ಚಿದಂತೆಯೋ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಫಿಸಿಷಿಯನ್ನರ ಬಳಿ ಹೋಗುವಾಗ ಮಾತ್ರೆಯ ಪಟ್ಟಿಗಳ ಜೊತೆಗೆ ಹನಿಯ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಯಾವ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಅವರು ಕೇಳಿದಾಗ ನಮ್ಮಲ್ಲಿ ಯಾರೂ ಕಣ್ಣಿನ ಹನಿಯ ಹೆಸರು ಹೇಳುವುದಿಲ್ಲ.